ಪರೇಲ್ ಆಸ್ಪತ್ರೆಯಲ್ಲಿ ಕನ್ನಡದ ನೆರವು ಮೇಜು: ಐವತ್ತು ದಾಟಿದ ಸ್ವಯಂಸೇವಕರ ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಪರೇಲ್ ಅಂದರೆ ಆಸ್ಪತ್ರೆಗಳ ಪೇಟೆ. ಕೆಇಎಂ ಆಸ್ಪತ್ರೆ ಇಲ್ಲಿ 1926ರಿಂದ ಇದೆ, ಕ್ಯಾನ್ಸರಿನ ಟಾಟಾ ಮೆಮೋರಿಯಲ್ 1941ರಿಂದ. ವಾಡಿಯಾದ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಗಳೂ ಪಕ್ಕದಲ್ಲೇ ಇವೆ. ಬೆಳಗಾವಿ, ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಜನ ಹುಬ್ಬಳ್ಳಿ–ದಾದರ್ ರೈಲಿನಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ಬಂದು, ಚೀಲ, ಹಾಸಿಗೆ, ರೊಟ್ಟಿಯ ಗಂಟು ಸಮೇತ ಈ ಆಸ್ಪತ್ರೆಗಳ ಸಾಲಿನಲ್ಲಿ ನಿಲ್ಲುತ್ತಾರೆ. ಗಡಿ ಭಾಗದವರಿಗೆ ಮರಾಠಿ ತಿಳಿಯುತ್ತದೆ. ಯಾದಗಿರಿ, ರಾಯಚೂರು ಕಡೆಯ ಗಂಡಸರು ಹಿಂದಿಯಲ್ಲಿ ಹೇಗೋ ನಿಭಾಯಿಸುತ್ತಾರೆ. ಹೆಂಗಸರು, ವಯಸ್ಸಾದವರು ಮಾತ್ರ ಕನ್ನಡ ಬಿಟ್ಟರೆ ಮೂಕರಾಗುತ್ತಾರೆ. ಕಾಯಿಲೆ ಯಾರದೋ ಅವರ ಬಾಯಿಂದಲೇ ವೈದ್ಯರಿಗೆ ವಿಷಯ ತಿಳಿಯುವುದಿಲ್ಲ.

ಅಲ್ಲಿಂದ ಮೂರು-ನಾಲ್ಕು ಕಿಲೋಮೀಟರ್ ದೂರದ ಮಾಟುಂಗದಲ್ಲಿ, ಇನ್ನೂ ಆಚೆ ಡೊಂಬಿವಲಿ, ಠಾಣೆ, ಕುರ್ಲಾಗಳಲ್ಲಿ ಕನ್ನಡ ಬಲ್ಲ, ಸಮಯ ಇರುವ, ನಗರದ ಕಚೇರಿಗಳ ರೀತಿ ಗೊತ್ತಿರುವ ಐವತ್ತು ದಾಟಿದವರು ಸಾವಿರಾರು ಮಂದಿ ಇದ್ದಾರೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿಂದ ನಿವೃತ್ತರಾದ ಟೀಚರುಗಳು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳಿದ್ದ ಕಾಲದಲ್ಲಿ ವರ್ಗವಾಗಿ ಬಂದು ಇಲ್ಲೇ ನೆಲೆ ನಿಂತವರು, ಹೋಟೆಲಿನ ಗಲ್ಲಾವನ್ನು ಮಕ್ಕಳಿಗೆ ಒಪ್ಪಿಸಿದವರು, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವ ಗೃಹಿಣಿಯರು. ಈ ಎರಡೂ ಕಡೆಯವರನ್ನು ಒಂದು ಮೇಜಿನ ಬಳಿ ಸೇರಿಸುವುದು ಹೇಗೆ, ಸೇರಿಸಿದಾಗ ಏನು ಕೆಡುತ್ತದೆ, ಕೆಟ್ಟದ್ದನ್ನು ಹೇಗೆ ಸರಿಮಾಡಬಹುದು ಎಂಬುದೇ ಇಲ್ಲಿನ ವಿಷಯ. ಇದು ನಿರ್ದಿಷ್ಟ ಆಸ್ಪತ್ರೆಯ ಅಥವಾ ಸಂಘದ ವರದಿಯಲ್ಲ. ಇಂಥ ಕೆಲಸದಲ್ಲಿ ಮತ್ತೆಮತ್ತೆ ಎದುರಾಗುವ ತೊಡಕುಗಳನ್ನು ಒಂದು ಕನ್ನಡ ಸಂಘ ಮತ್ತು ಒಂದು ದೊಡ್ಡ ಆಸ್ಪತ್ರೆಯ ಸುತ್ತ ಕಟ್ಟಿದ ಮಾದರಿ ಪ್ರಕರಣ.

ಶುರುವಾದ ಬಗೆ

ಸಂಘದ ವಾರ್ಷಿಕ ಸಭೆಯಲ್ಲಿ ಮಾತು ಬಂತು, ಎಲ್ಲರೂ ಒಪ್ಪಿದರು, ಸುಮಾರು ಮೂವತ್ತು ಜನ ಹೆಸರು ಕೊಟ್ಟರು. ಆಸ್ಪತ್ರೆಯ ಸಮಾಜಸೇವಾ ವಿಭಾಗವೂ ಖುಷಿಯಿಂದಲೇ ಒಪ್ಪಿ, ಹೊರರೋಗಿ ವಿಭಾಗದ ನೋಂದಣಿ ಕಿಟಕಿಯ ಹತ್ತಿರ ಒಂದು ಮೇಜು, ಎರಡು ಕುರ್ಚಿ ಕೊಟ್ಟಿತು. ಒಂದು ವಾಟ್ಸಾಪ್ ಗುಂಪು ತೆರೆದು, ‘ಯಾರಿಗೆ ಯಾವಾಗ ಆಗುತ್ತದೋ ಆಗ ಬನ್ನಿ’ ಎಂದರು.

ಮೊದಲ ತಿಂಗಳು ಮೇಜು ತುಂಬಿತ್ತು. ಎರಡನೆಯ ತಿಂಗಳಿಗೆ ಬೆಳಗಿನ ಎಂಟೂವರೆಗೆ, ಅಂದರೆ ಸಾಲು ಅತಿ ಉದ್ದವಿರುವ ಹೊತ್ತಿಗೆ, ಒಬ್ಬರೂ ಇರುತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ, ರೋಗಿಗಳೆಲ್ಲ ಹೋದ ಮೇಲೆ, ಐವರು ಕೂತಿರುತ್ತಿದ್ದರು. ಮೂರನೆಯ ತಿಂಗಳು ಮೇ. ಕರಾವಳಿಯ ಮುಂಬಯಿಕರರು ಮೇ ತಿಂಗಳಲ್ಲಿ ಊರಿಗೆ ಹೋಗದೆ ಇರುವುದುಂಟೇ? ಮದುವೆ, ಜಾತ್ರೆ, ದೈವದ ನೇಮ, ಮಕ್ಕಳ ರಜೆ ಎಲ್ಲ ಒಟ್ಟಿಗೇ ಬರುತ್ತವೆ. ಮೇಜು ಖಾಲಿಯಾಯಿತು. ಜೂನಿನಲ್ಲಿ ಸಮಾಜಸೇವಾ ವಿಭಾಗ ಫೋನ್ ಮಾಡಿ, ‘ಮೇಜು ಬೇಕೋ ಬೇಡವೋ’ ಎಂದು ಕೇಳಿತು.

ಜನರಿಗೆ ಮನಸ್ಸಿಲ್ಲ ಎಂದು ಸಂಘದ ಕೆಲವರು ತೀರ್ಮಾನಿಸಿದರು. ಅದು ತಪ್ಪು ತೀರ್ಮಾನ. ಬಿಟ್ಟವರನ್ನು ಒಬ್ಬೊಬ್ಬರಾಗಿ ಮಾತಾಡಿಸಿದಾಗ ಹೊರಬಂದ ಕಾರಣಗಳು ಬೇರೆಯೇ ಇದ್ದವು. ಡೊಂಬಿವಲಿಯಿಂದ ಬರುವವರಿಗೆ ಬೆಳಗಿನ ಲೋಕಲ್‌ನ ನೂಕುನುಗ್ಗಲು ಹೆದರಿಕೆ ಹುಟ್ಟಿಸಿತ್ತು. ಕೆಲವರಿಗೆ ಟ್ಯಾಕ್ಸಿ, ಚಹಾ, ಊಟದ ಖರ್ಚು ಪಿಂಚಣಿಗೆ ಭಾರವಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಮಾನ ಅಡ್ಡ ಬಂದಿತ್ತು. ಮಂಡಿನೋವಿನವರು ಮೂರನೆಯ ಮಹಡಿಗೆ ರೋಗಿಯ ಜೊತೆ ಏರಿಳಿದು ಸೋತಿದ್ದರು. ಸ್ವಂತ ಫೋನ್ ನಂಬರ್ ಕೊಟ್ಟವರಿಗೆ ರಾತ್ರಿ ಹನ್ನೊಂದಕ್ಕೂ ಕರೆ ಬರುತ್ತಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ, ‘ನಾನು ಅಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ತಿಳಿಯಲಿಲ್ಲ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ನಲವತ್ತು ವರ್ಷ ಒಂದು ಕೆಲಸವನ್ನು ಚೊಕ್ಕವಾಗಿ ಮಾಡಿ ನಿವೃತ್ತರಾದವರನ್ನು ಗೊತ್ತುಗುರಿ ಇಲ್ಲದ ಕೆಲಸಕ್ಕೆ ಕೂರಿಸಿದರೆ ಅವರು ಉಳಿಯುವುದಿಲ್ಲ, ಉಳಿಯಲೂಬಾರದು. ಈ ಕಾರಣಕ್ಕೆ ಕೆಲಸವನ್ನು ಹಿಗ್ಗಿಸುವ ಬದಲು ಕುಗ್ಗಿಸಬೇಕಿತ್ತು. ಅದು ಮನವರಿಕೆಯಾಗಲು ಎರಡು ಘಟನೆ ಬೇಕಾದವು.

ಉಪವಾಸ

ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳಿಗೆ ಕ್ಯಾನ್ಸರ್ ಹರಡಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್ ಇತ್ತು. ‘ನಾಳೆ ಉಪವಾಸ ಬರಬೇಕು’ ಎಂದು ಸ್ವಯಂಸೇವಕರು ಹೇಳಿದರು. ಆಕೆ ಶ್ರದ್ಧೆಯಿಂದಲೇ ಉಪವಾಸ ಮಾಡಿದಳು: ಬೆಳಿಗ್ಗೆ ಸಾಬೂದಾಣಿ, ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಸೋಮವಾರವೋ ಏಕಾದಶಿಯೋ ಇದ್ದರೆ ಅದು ಅಚ್ಚುಕಟ್ಟಾದ ಉಪವಾಸವೇ. ಪೆಟ್ ಸ್ಕ್ಯಾನ್‌ನಲ್ಲಿ ದೇಹಕ್ಕೆ ಚುಚ್ಚುವುದು ಸಕ್ಕರೆಯ ರೂಪದ ವಿಕಿರಣಶೀಲ ದ್ರವ್ಯ. ಹೊಟ್ಟೆಗೆ ಆಹಾರ ಹೋಗಿ ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ಏರಿದರೆ ಆ ದ್ರವ್ಯ ಸ್ನಾಯುಗಳಿಗೆ ಹರಿದು ಚಿತ್ರ ಕೆಡುತ್ತದೆ. ಅದಕ್ಕೇ ಸಾಮಾನ್ಯವಾಗಿ ಆರು ಗಂಟೆ ಏನೂ ತಿನ್ನಬಾರದು, ಬರೀ ನೀರು ಕುಡಿಯಬಹುದು ಎನ್ನುತ್ತಾರೆ. ಆಕೆಯ ಸರದಿ ತಪ್ಪಿತು, ಹೊಸ ತಾರೀಖು ಬಂತು, ಅಲ್ಲಿಯವರೆಗೆ ಮುಂಬಯಿಯಲ್ಲಿ ಇರುವ ಖರ್ಚು ತಲೆಮೇಲೆ ಬಿತ್ತು.

ಸ್ವಯಂಸೇವಕರು ಹೇಳಿದ ಮಾತು ಕನ್ನಡದಲ್ಲೇ ಇತ್ತು, ತಪ್ಪೂ ಇರಲಿಲ್ಲ. ಆದರೂ ಕೆಲಸ ಕೆಟ್ಟಿತು. ಅಲ್ಲಿಂದ ಮುಂದೆ ‘ಉಪವಾಸ’ ಎಂದು ಹೇಳುವುದನ್ನೇ ಬಿಟ್ಟರು. ಹೇಳಬೇಕಾದ್ದು ಹೀಗೆ: ‘ರಾತ್ರಿ ಹತ್ತಕ್ಕ ಊಟ ಮುಗಿಸ್ರಿ. ಆಮ್ಯಾಲೆ ಚಾ ಇಲ್ಲ, ಹಾಲ ಇಲ್ಲ, ಹಣ್ಣ ಇಲ್ಲ, ಸಾಬೂದಾಣಿ ಇಲ್ಲ, ಎಲಿ-ಅಡಿಕಿನೂ ಇಲ್ಲ. ಬರೇ ನೀರ.’ ನೀರೂ ಕೂಡದು ಎಂದಿದ್ದರೆ ಅದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅರಿವಳಿಕೆ ಕೊಡುವ ದಿನದ ನಿಯಮವೇ ಬೇರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಆ ದಿನ ತೆಗೆದುಕೊಳ್ಳಬೇಕೋ ಬೇಡವೋ ಎಂದು ರೋಗಿಯ ಎದುರಿಗೇ ವೈದ್ಯರನ್ನೋ ನರ್ಸನ್ನೋ ಕೇಳಿ ಬರೆದುಕೊಳ್ಳಬೇಕು. ಸ್ವಯಂಸೇವಕರಿಗೂ ಸಕ್ಕರೆ ಕಾಯಿಲೆ ಇರಬಹುದು, ತಮ್ಮ ಅನುಭವ ನಾಲಿಗೆ ತುದಿಯಲ್ಲೇ ಇರಬಹುದು. ಅದನ್ನು ಮಾತ್ರ ಹೇಳಕೂಡದು.

ಇದೇ ಜಾತಿಯ ಇನ್ನೊಂದು ತೊಡಕು ಮಾತ್ರೆಯ ಹೊತ್ತಿನದು. ಊಟಕ್ಕೆ ಮೊದಲು ಎಂಬ ಅರ್ಥದಲ್ಲಿ ಸ್ವಯಂಸೇವಕರು ‘ಊಟದ ಮುಂದೆ’ ಎಂದರೆ ಉತ್ತರ ಕರ್ನಾಟಕದವರಿಗೆ ಅದು ಊಟದ ಹೊತ್ತಿಗೆ ಎಂದು ಕೇಳಬಹುದು. ‘ಊಟಕ್ಕಿಂತ ಮೊದ್ಲ’, ‘ಊಟ ಆದಮ್ಯಾಲೆ’ ಎಂದು ಬಿಡಿಸಿ ಹೇಳಿದರೆ ಗೊಂದಲವಿಲ್ಲ. ಮುಂಬಯಿಯ ಸ್ವಯಂಸೇವಕರಲ್ಲಿ ಬಹುಪಾಲು ಮನೆಯಲ್ಲಿ ತುಳು ಆಡುವವರು, ಶಾಲೆಯ ಕನ್ನಡ ಬಲ್ಲವರು. ಬಂದ ರೋಗಿ ‘ಬ್ಯಾನಿ’, ‘ಜಡ್ಡು’, ‘ಸಂಡಾಸ’, ‘ಕಸುವಿಲ್ಲ’ ಎಂದಾಗ ಊಹಿಸಿ ಮುಂದೆ ಸಾಗಿಸಿಬಿಡುವ ಆತುರ ಸಹಜ. ಊಹಿಸಬಾರದು. ‘ಎಲ್ಲಿ, ಕೈಯಿಟ್ಟು ತೋರಸ್ರಿ’ ಎಂದು ಕೇಳಲು ಹತ್ತು ಸೆಕೆಂಡು ಸಾಕು.

ಮಗನ ಮಾತು

ಎರಡನೆಯದು ಇದಕ್ಕಿಂತ ಗಂಭೀರ. ಅರುವತ್ತೆಂಟರ ರೈತರೊಬ್ಬರ ಬಯಾಪ್ಸಿ ವರದಿ ಬಂದಿತ್ತು. ಒಳಗೆ ಹೋಗುವ ಮುನ್ನ ಅವರ ಮಗ ಸ್ವಯಂಸೇವಕಿಯನ್ನು ಪಕ್ಕಕ್ಕೆ ಕರೆದು, ‘ಅಪ್ಪಗ ಗಂಟ ಅಂತಷ್ಟ ಹೇಳ್ರಿ ಅಕ್ಕಾರ. ಕ್ಯಾನ್ಸರ್ ಅನ್ನಬ್ಯಾಡ್ರಿ, ಎದಿ ಒಡಕೊಂಡು ಸಾಯ್ತಾನ’ ಎಂದು ಕೈಮುಗಿದ. ಆಕೆ ನಿವೃತ್ತ ಶಿಕ್ಷಕಿ, ಮೃದು ಮನಸ್ಸಿನವರು. ಒಳಗೆ ವೈದ್ಯರು ಕಾಯಿಲೆ ಏನು, ಶಸ್ತ್ರಚಿಕಿತ್ಸೆಯ ನಂತರ ಕೀಮೋ ಏಕೆ ಬೇಕು, ಬಿಟ್ಟರೆ ಏನಾಗಬಹುದು ಎಂದು ವಿವರವಾಗಿ ಹೇಳಿದರು. ಆಕೆ ‘ಗಂಟು ಇದೆ, ತೆಗೆದರೆ ಆರಾಮಾಗುತ್ತದೆ’ ಎಂದರು. ಅಜ್ಜ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಶಸ್ತ್ರಚಿಕಿತ್ಸೆ ಆಯಿತು, ಊರಿಗೆ ಹೋದರು. ಕೀಮೋಗೆ ಬರಲೇ ಇಲ್ಲ. ಗಂಟು ಹೋದ ಮೇಲೆ ಮತ್ತೆ ಯಾಕೆ ಮುಂಬಯಿ ಎಂಬುದು ಅವರ ಪ್ರಶ್ನೆ. ಅವರಿಗೆ ತಿಳಿದಿದ್ದಷ್ಟರ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ.

ಇಲ್ಲಿ ಕರುಣೆ ಇತ್ತು, ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಆದರೆ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ರೋಗಿಗೆ ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬೇರೆ ದಾರಿಗಳು, ಮಾಡಿಸಿಕೊಳ್ಳದಿದ್ದರೆ ಆಗುವುದು ಇವೆಲ್ಲ ಸಾಕಷ್ಟು ತಿಳಿದಿದ್ದರೆ ಮಾತ್ರ ಸಮ್ಮತಿಗೆ ಬೆಲೆ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ವೈದ್ಯರು ತಮ್ಮ ಕರ್ತವ್ಯ ಮಾಡಿದೆವೆಂದು ತಿಳಿದರು. ನಡುವಿನ ದನಿ ಅದನ್ನು ಅರ್ಧಕ್ಕೆ ಕತ್ತರಿಸಿತ್ತು.

ಮನೆಯವರು ಹೀಗೆ ಕೇಳಿಕೊಳ್ಳುವುದು ಅಪರೂಪವಲ್ಲ. ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಬೇಡಿಕೆ. ಅದಕ್ಕೆ ಗುಂಪು ಒಂದೇ ಉತ್ತರ ಸಿದ್ಧ ಮಾಡಿಕೊಂಡಿತು. ಮಗನಿಗೆ: ‘ನಾ ಏನನ್ನೂ ಬಿಡಂಗಿಲ್ಲ, ಸೇರ್ಸಂಗಿಲ್ಲ. ನೀವು ಹೇಳಿದ್ದನ್ನ ಒಳಗ ಹೋಗೂಕಿಂತ ಮೊದ್ಲ ಡಾಕ್ಟರಿಗೆ ಹೇಳ್ತೀನಿ. ಹೆಂಗ ಹೇಳ್ಬೇಕಂತ ಅವರ ನಿರ್ಧಾರ ಮಾಡ್ತಾರ.’ ಆಮೇಲೆ ವೈದ್ಯರಿಗೆ ಅಥವಾ ಸಮಾಜಸೇವಾ ವಿಭಾಗದವರಿಗೆ ಮಗನ ಬೇಡಿಕೆಯನ್ನು ತಿಳಿಸಬೇಕು. ಅನುಭವಿ ವೈದ್ಯರು ನೇರವಾಗಿ ರೋಗಿಯನ್ನೇ ಕೇಳುತ್ತಾರೆ: ‘ನಿಮ್ಮ ಜಡ್ಡಿನ ಬಗ್ಗೆ ಎಲ್ಲಾ ತಿಳ್ಕೋಬೇಕಂತ ಐತೇನು, ಇಲ್ಲಾ ಮಗನಿಗೆ ಹೇಳಿದ್ರ ಸಾಕೇನು?’ ಎಷ್ಟೋ ಸಲ ಅಜ್ಜನಿಗೆ ಆಗಲೇ ಗೊತ್ತಿರುತ್ತದೆ. ಮಗನಿಗೆ ನೋವಾದೀತೆಂದು ಅವರು ಸುಮ್ಮನಿರುತ್ತಾರೆ. ಇಬ್ಬರ ನಡುವಿನ ಆ ಮೌನವನ್ನು ಮುರಿಯುವುದು ಸ್ವಯಂಸೇವಕರ ಕೆಲಸವಲ್ಲ. ಅದನ್ನು ಬಲಪಡಿಸುವುದಂತೂ ಅಲ್ಲವೇ ಅಲ್ಲ.

ಒಪ್ಪಿಗೆ ಪತ್ರದ ಸಹಿಯ ವಿಷಯವನ್ನೂ ಆಗಲೇ ಲಿಖಿತವಾಗಿ ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಸಾಕ್ಷಿಯ ಸಹಿ ಬೇರೆ, ‘ಇವರ ಭಾಷೆಯಲ್ಲಿ ಓದಿ ಹೇಳಿದ್ದೇನೆ’ ಎಂಬ ಸಹಿ ಬೇರೆ. ಸ್ವಯಂಸೇವಕರು ಸಾಕ್ಷಿಯಾಗಿ ಸಹಿ ಹಾಕುವುದಿಲ್ಲ. ಎರಡನೆಯದನ್ನು ಹಾಕಬೇಕಾದರೆ ಪೂರ್ತಿ ಪತ್ರವನ್ನು ತಾವೇ ಓದಿ ಹೇಳಿರಬೇಕು. ‘ಅರ್ಜೆಂಟ್ ಇದೆ, ಸಹಿ ಹಾಕಿ’ ಎಂದರೆ ಇಲ್ಲ ಎನ್ನುವ ಅಧಿಕಾರ ಅವರಿಗಿದೆ ಎಂದು ಆಸ್ಪತ್ರೆಯೊಡನೆ ಬರೆದುಕೊಂಡ ಒಪ್ಪಂದದಲ್ಲೇ ಸೇರಿಸಲಾಯಿತು.

ಮತ್ತೆ ಕಟ್ಟಿದ್ದು

ಮೊದಲು ಪಾಳಿ. ವಾರಕ್ಕೆ ಐದು ದಿನ, ಬೆಳಿಗ್ಗೆ 8.30ರಿಂದ 11.30, ಆಮೇಲೆ 11.30ರಿಂದ 2.30. ಪಾಳಿಗೆ ಇಬ್ಬರು, ಏಕೆಂದರೆ ಒಬ್ಬರು ರೋಗಿಯ ಜೊತೆ ಒಳಗೆ ಹೋದಾಗ ಮೇಜು ಖಾಲಿಯಾಗಬಾರದು. ಅಲ್ಲಿಗೆ ವಾರಕ್ಕೆ 20 ಜಾಗ. ಒಬ್ಬರಿಗೆ ವಾರಕ್ಕೆ ಎರಡು ಪಾಳಿ ಮೀರಬಾರದು ಎಂದಿಟ್ಟರೆ 10 ಜನ ಬೇಕು. ಊರಿಗೆ ಹೋಗುವುದು, ಜ್ವರ, ಮಗಳ ಬಾಣಂತನ ಎಲ್ಲ ಸೇರಿಸಿ ಅರ್ಧದಷ್ಟು ಹೆಚ್ಚಿಗೆ ಹಿಡಿದರೆ 15. ಮೂವತ್ತು ಹೆಸರು ಬೇಕಾಗಿರಲೇ ಇಲ್ಲ. ಹದಿನೈದು ಗಟ್ಟಿ ಹೆಸರು, ಒಂದು ಪಟ್ಟಿ, ಪಟ್ಟಿಗೆ ಒಬ್ಬರು ಜವಾಬ್ದಾರರು ಇದ್ದರೆ ಸಾಕಿತ್ತು. ಉತ್ಸಾಹದಿಂದ ವಾರಕ್ಕೆ ನಾಲ್ಕು ಪಾಳಿ ಕೇಳುವವರನ್ನು ತಡೆಯುವುದು ಕಷ್ಟ, ಆದರೆ ತಡೆಯಲೇಬೇಕು. ಮೊದಲು ಬಸವಳಿಯುವವರು ಅವರೇ.

ಎಲ್ಲರಿಗೂ ಒಂದೇ ಕೆಲಸ ಕೊಡುವುದನ್ನೂ ಬಿಟ್ಟರು. ಐವತ್ತು ದಾಟಿದವರು ಎಂದು ಒಂದೇ ಗೆರೆ ಎಳೆದರೂ ಐವತ್ತೆರಡರ ಹೋಟೆಲ್ ಮಾಲೀಕರಿಗೂ ಎಪ್ಪತ್ತನಾಲ್ಕರ ಅಜ್ಜಿಗೂ ಅಜಗಜಾಂತರ. ಇನ್ನೂ ದುಡಿಯುತ್ತಿರುವವರಿಗೆ ಸಂಜೆಯ ಫೋನ್ ಕೆಲಸ: ನಾಳೆ ತಪಾಸಣೆ ಇರುವವರಿಗೆ ಕರೆ ಮಾಡಿ ತಾರೀಖು, ಹೊತ್ತು, ತಿನ್ನಬಾರದ್ದು, ತರಬೇಕಾದ ಕಾಗದ ನೆನಪಿಸುವುದು. ಅರುವತ್ತರಿಂದ ಎಪ್ಪತ್ತರವರೆಗಿನ, ಓಡಾಡಬಲ್ಲವರು ವೈದ್ಯರ ಕೋಣೆಗೆ. ಮಂಡಿನೋವಿನವರು ಮೇಜಿಗೆ. ಮೇಜಿಗೆ ಕೈಯಿರುವ ಕುರ್ಚಿಯನ್ನೇ ಕೇಳಿ ಪಡೆದರು. ಕೈಯೂರಿ ಏಳಲು ಆಗುವಂತಿದ್ದರೆ ಮೂರು ಗಂಟೆ ಕೂರುವುದು ಕಷ್ಟವಲ್ಲ. ಎಪ್ಪತ್ತೈದು ದಾಟಿದ ಇಬ್ಬರು ಮನೆಯಿಂದಲೇ ಸ್ಪೀಕರ್ ಫೋನಿನಲ್ಲಿ ಭಾಷಾಂತರ ಮಾಡುತ್ತಾರೆ. ಅವರಲ್ಲೊಬ್ಬರು ಬೀದರ್ ಮೂಲದವರು, ಕಲ್ಯಾಣ ಕರ್ನಾಟಕದ ಮಾತು ಚೆನ್ನಾಗಿ ಬಲ್ಲವರು. ಇಡೀ ಗುಂಪಿಗೆ ನಿಘಂಟು ಇದ್ದ ಹಾಗೆ.

ಮೇಜಿನ ಹಿಂದೆ ದೊಡ್ಡ ಅಕ್ಷರದ ಫಲಕ: ‘ಕನ್ನಡದಾಗ ಮಾತಾಡ್ರಿ’. ಅದರ ಕೆಳಗೆ ಸಣ್ಣದಾಗಿ, ‘ಇಲ್ಲಿ ರೊಕ್ಕ ತಗೊಳ್ಳಂಗಿಲ್ಲ’. ಈ ಎರಡನೆಯ ಸಾಲು ಅಗತ್ಯ. ದೊಡ್ಡ ಆಸ್ಪತ್ರೆಗಳ ಸುತ್ತ ದಲ್ಲಾಳಿಗಳು ಇದ್ದೇ ಇರುತ್ತಾರೆ; ತಮ್ಮ ಭಾಷೆಯಲ್ಲಿ ಮಾತಾಡಿಸಿದವರನ್ನು ರೋಗಿ ಮೊದಲು ಅನುಮಾನಿಸುವುದೇ ಬುದ್ಧಿವಂತಿಕೆ.

ಫೋನಿಗೆ ಒಂದೇ ಸಾಮಾನ್ಯ ಸಿಮ್, ಬೆಳಿಗ್ಗೆ 9ರಿಂದ ಸಂಜೆ 6. ಆ ಫೋನ್ ಪಾಳಿಯವರ ಕೈಯಲ್ಲಿರುತ್ತದೆ, ಪಾಳಿ ಮುಗಿದ ಮೇಲೆ ಸಂಜೆಯ ಕರೆ ಮಾಡುವವರಿಗೆ ಹೋಗುತ್ತದೆ. ಸ್ವಂತ ನಂಬರ್ ಕೊಡುವಂತಿಲ್ಲ. ರೋಗಿಯ ಕಾಗದಪತ್ರದ ಫೋಟೋ ತೆಗೆದು ಗುಂಪಿಗೆ ಹಾಕಿ ‘ಇದು ಏನೆಂದು ಯಾರಾದರೂ ಹೇಳಿ’ ಎನ್ನುವುದು ಮೊದಲ ತಿಂಗಳುಗಳಲ್ಲಿ ಸಲೀಸಾಗಿ ನಡೆದಿತ್ತು. ಅದನ್ನು ಪೂರ್ತಿ ನಿಲ್ಲಿಸಿದರು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಅದು ಇರದಿದ್ದರೂ ಇನ್ನೊಬ್ಬರ ಕ್ಯಾನ್ಸರ್ ವರದಿ ಮಾಟುಂಗದಿಂದ ಮೀರಾ ರೋಡ್‌ವರೆಗೆ ಸುತ್ತಬಾರದು. ದಾಖಲೆ ಪುಸ್ತಕದಲ್ಲೂ ರೋಗಿಯ ಹೆಸರಿಲ್ಲ: ತಾರೀಖು, ವಿಭಾಗ, ಯಾವ ಕಡೆಯ ಮಾತು, ಏನು ನೆರವು, ಎಷ್ಟು ನಿಮಿಷ, ಅಷ್ಟೇ.

ರೋಗಿಗೆ ಬರೆದು ಕೊಡುವ ಚೀಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಅತಿ ಉಪಯೋಗದ ವಸ್ತು ಅದು. ಅಂಗೈಗಿಂತ ಸ್ವಲ್ಪ ದೊಡ್ಡದು, ಗಟ್ಟಿ ಕಾಗದ, ದಪ್ಪ ಅಕ್ಷರ. ಮೇಲೆ ವಾರ ಮತ್ತು ತಾರೀಖು ಎರಡೂ. ‘ನಾಡಿದ್ದು’, ‘ಮುಂದಿನ ವಾರ’ ಎಂದು ಬರೆಯುವಂತಿಲ್ಲ. ಆಮೇಲೆ ಹೊತ್ತು, ಕಟ್ಟಡ, ಮಹಡಿ, ಕೋಣೆ ಸಂಖ್ಯೆ. ಸಂಖ್ಯೆಗಳು ಆಸ್ಪತ್ರೆಯ ಫಲಕದಲ್ಲಿ ಹೇಗಿವೆಯೋ ಹಾಗೇ, ಹೋಲಿಸಿ ನೋಡಲು ಆಗುವಂತೆ. ಕೆಳಗೆ ತಟ್ಟೆ, ಲೋಟ, ಚಹಾ ಕಪ್ಪಿನ ಮೂರು ಚಿತ್ರ. ಬೇಡವಾದ್ದಕ್ಕೆ ಅಡ್ಡಗೆರೆ ಎಳೆಯುವುದು. ಮಾತ್ರೆಗೆ ಹುಟ್ಟುವ ಸೂರ್ಯ, ನಡುಹಗಲ ಸೂರ್ಯ, ಚಂದ್ರ. ಓದು ಬಾರದ ಅಜ್ಜಿಗೂ ಇದು ತಿಳಿಯುತ್ತದೆ. ಚೀಟಿ ಬರೆದ ಮೇಲೆ ಅದನ್ನು ಕೇಸ್ ಪೇಪರಿಗೆ ಪಿನ್ ಮಾಡಿ ಕೊಡಬೇಕು. ಕೈಗೆ ಕೊಟ್ಟರೆ ಸೆರಗಿನ ಗಂಟಿಗೆ ಹೋಗಿ ಕಳೆಯುತ್ತದೆ.

ವೈದ್ಯರ ಕೋಣೆಯಲ್ಲಿ

ತರಬೇತಿ ಎರಡೆರಡು ಗಂಟೆಯ ನಾಲ್ಕು ಬೈಠಕ್. ಮೊದಲನೆಯದು ಆಸ್ಪತ್ರೆ ಸುತ್ತುವುದು: ಯಾವ ಲಿಫ್ಟ್ ಸ್ಟ್ರೆಚರಿಗೆ ಮಾತ್ರ, ಹೆಂಗಸರ ಶೌಚಾಲಯ ಎಲ್ಲಿ, ಕುಡಿಯುವ ನೀರು ಎಲ್ಲಿ. ಎರಡನೆಯದು ದೇಹ, ನೋವು, ಹೊತ್ತು, ಅಳತೆಗಳ ಮಾತು. ಮೂರನೆಯದೇ ಮುಖ್ಯವಾದದ್ದು: ಮೂವರ ಗುಂಪು ಮಾಡಿ ಒಬ್ಬರು ವೈದ್ಯರು, ಒಬ್ಬರು ರೋಗಿ, ಒಬ್ಬರು ನಡುವಿನವರಾಗಿ ಹತ್ತು ಹತ್ತು ನಿಮಿಷ ಆಡುವುದು. ನಾಲ್ಕನೆಯದು ಸಮಾಜಸೇವಾ ವಿಭಾಗದವರ ಜೊತೆ ಕೂತು ನೋಡುವುದು. ಇದಾದ ಮೇಲೂ ಮೊದಲ ಆರು ಪಾಳಿ ಹಳಬರ ಜೊತೆಯೇ.

ಕಲಿಯಬೇಕಾದ್ದು ಬಹಳವಿಲ್ಲ, ಆದರೆ ಅಭ್ಯಾಸವಾಗಲು ಸಮಯ ಹಿಡಿಯುತ್ತದೆ. ರೋಗಿಯ ಪಕ್ಕದಲ್ಲಿ, ಒಂದು ಗೇಣು ಹಿಂದೆ ಕೂರಬೇಕು. ಆಗ ವೈದ್ಯರು ಮತ್ತು ರೋಗಿ ಒಬ್ಬರನ್ನೊಬ್ಬರು ನೋಡುತ್ತಾರೆ. ರೋಗಿ ‘ನನಗ ಉಣ್ಣಾಕ ಆಗವಲ್ದು’ ಎಂದರೆ ‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನದೆ ‘ನನಗೆ ಊಟ ಮಾಡಲು ಆಗುತ್ತಿಲ್ಲ’ ಎಂದೇ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳಬೇಕು. ಎರಡು ವಾಕ್ಯಕ್ಕಿಂತ ಹೆಚ್ಚು ಒಟ್ಟಿಗೆ ಬಂದರೆ ವೈದ್ಯರನ್ನು ಕೈಸನ್ನೆಯಿಂದ ನಿಲ್ಲಿಸಬೇಕು. ವಯಸ್ಸಿನ ಗೌರವ ಇಲ್ಲಿ ಕೆಲಸಕ್ಕೆ ಬರುತ್ತದೆ: ಇಪ್ಪತ್ತೈದರ ಹುಡುಗ ಸೀನಿಯರ್ ವೈದ್ಯರನ್ನು ತಡೆಯಲು ಅಂಜುತ್ತಾನೆ, ಅರುವತ್ತೈದರ ಹೆಡ್‌ಮಿಸ್ಟ್ರೆಸ್ ಅಂಜುವುದಿಲ್ಲ. ಸಂಖ್ಯೆ ಬಂದಾಗಲೆಲ್ಲ ಬರೆದು ತೋರಿಸಬೇಕು. ಕೊನೆಗೆ, ‘ತಿಳೀತೇನ್ರಿ?’ ಎಂದು ಕೇಳಬಾರದು. ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ‘ಮನ್ಯಾಗ ಕೇಳಿದ್ರ ಏನಂತ ಹೇಳ್ತೀರಿ, ನನಗ ಹೇಳ್ರಿ ನೋಡೂಣು’ ಎಂದು ಕೇಳಬೇಕು. ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ, ವೈದ್ಯರೂ ಎದುರಿಗೇ ಇರುತ್ತಾರೆ.

ಈ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ. ಮನೆಮದ್ದು ಹೇಳದೆ ಇರಲಾರದವರು, ‘ಇನ್ನೊಬ್ಬ ಡಾಕ್ಟರಿಗೆ ತೋರಿಸಿ’ ಎನ್ನುವವರು, ಹರಕೆಯ ದಾರಿ ತೋರಿಸುವವರು ವೈದ್ಯರ ಕೋಣೆಗೆ ಬೇಡ, ಮೇಜಿನಲ್ಲೂ ಎಚ್ಚರ. ಕಿವಿಯ ಪರೀಕ್ಷೆಯೂ ಬೇಕು. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಸ್ವರಗಳು. ಮಾಸ್ಕ್ ಹಾಕಿದವರ ಮಾತು ಗದ್ದಲದಲ್ಲಿ ಹಾಗೇ ಜಾರಿಹೋಗುತ್ತದೆ. ಹೊರರೋಗಿ ವಿಭಾಗದ ನಡುವೆ ನಿಲ್ಲಿಸಿ, ಮಾಸ್ಕ್ ಹಾಕಿದವರೊಬ್ಬರು ಐದು ಸಂಖ್ಯೆ ಹೇಳಿ ತಿರುಗಿ ಹೇಳಿಸುವುದು ಸರಳ ಪರೀಕ್ಷೆ. ತಪ್ಪಿದವರಿಗೆ ಶ್ರವಣ ತಪಾಸಣೆಗೆ ಹೋಗಲು ಸಲಹೆ, ಅಲ್ಲಿಯವರೆಗೆ ಮೇಜಿನ ಕೆಲಸ. ಇದನ್ನು ಎಲ್ಲರಿಗೂ ಮಾಡಿದರೆ ಯಾರಿಗೂ ಅವಮಾನವಾಗುವುದಿಲ್ಲ.

ಹಣ, ರೈಲು, ತಂಗುವ ಜಾಗ

ರೋಗಿಗೆ ಸ್ವಯಂಸೇವಕರು ಕೈಯಿಂದ ಹಣ ಕೊಡುವಂತಿಲ್ಲ, ಸಾಲವಾಗಿಯೂ ಇಲ್ಲ. ಕಟುವೆನಿಸಿದರೂ ಇದೇ ಸರಿ. ಒಬ್ಬರು ಐನೂರು ಕೊಟ್ಟ ಸುದ್ದಿ ಸಾಲಿನಲ್ಲಿ ಹರಡಿದರೆ ಭಾಷೆಗಾಗಿ ಜನ ಮೇಜಿಗೆ ಬರುವುದು ನಿಲ್ಲುತ್ತದೆ, ಪಿಂಚಣಿ ಕಡಿಮೆ ಇರುವ ಸ್ವಯಂಸೇವಕರು ಮುಖ ತಪ್ಪಿಸುತ್ತಾರೆ. ಹಣದ ತೊಂದರೆ ಕಂಡರೆ ಸಮಾಜಸೇವಾ ವಿಭಾಗದ ಬಾಗಿಲವರೆಗೆ ಕರೆದುಕೊಂಡು ಹೋಗುವುದು, ಅಲ್ಲಿ ಭಾಷಾಂತರ ಮಾಡುವುದು. ಆಯುಷ್ಮಾನ್ ಕಾರ್ಡಿನ ಬಗ್ಗೆಯೂ ಹಾಗೇ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎಂಬುದು ನಿಜ. ಆದರೆ ಈ ಚಿಕಿತ್ಸೆಗೆ, ಈ ಆಸ್ಪತ್ರೆಯಲ್ಲಿ, ಮುಂಚೆ ಅನುಮತಿ ಸಿಕ್ಕಿದೆಯೇ ಎಂಬುದನ್ನು ಹೇಳಬೇಕಾದವರು ಆಸ್ಪತ್ರೆಯ ಆಯುಷ್ಮಾನ್ ಕಿಟಕಿಯವರು. ‘ಕಾರ್ಡ್ ಇದ್ದರೆ ಎಲ್ಲ ಫ್ರೀ’ ಎಂದು ಧೈರ್ಯ ತುಂಬಲು ಹೋದರೆ ಊರಿನಲ್ಲಿ ಹೊಲ ಅಡವಿಡುವ ನಿರ್ಧಾರಗಳೇ ಅಡಿಮೇಲಾಗುತ್ತವೆ.

ರೈಲು ರಿಯಾಯಿತಿಯಲ್ಲಿ ವಿಚಿತ್ರ ತಪ್ಪೊಂದು ನಡೆಯಿತು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಸ್ವಯಂಸೇವಕರಿಗೆ ತಮ್ಮ ಅನುಭವದಿಂದಲೇ ಗೊತ್ತು. ಹಾಗಾಗಿ ‘ಈಗ ಯಾವ ರಿಯಾಯಿತಿಯೂ ಇಲ್ಲ’ ಎಂದು ರೋಗಿಗಳಿಗೂ ಹೇಳಿ ಕಳಿಸುತ್ತಿದ್ದರು. ರೋಗಿಗಳ ರಿಯಾಯಿತಿ ನಿಂತಿಲ್ಲ. ಚಿಕಿತ್ಸೆಗೆ ಅಥವಾ ತಪಾಸಣೆಗೆ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ತ್ರೀ ಟಯರ್‌ನಲ್ಲಿ ಶೇ 100, ಜೊತೆಗೆ ಬರುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ. ಅದಕ್ಕೆ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಕೌಂಟರಿನಲ್ಲಿ ತಿರುಗಿ ಕಳಿಸುವುದು ಸಣ್ಣ ಕಾರಣಗಳಿಗೆ: ಪ್ರಮಾಣಪತ್ರದ ಹೆಸರು ಆಧಾರ್‌ನ ಹೆಸರಿಗೆ ಹೊಂದದಿರುವುದು, ನಿಲ್ದಾಣದ ಹೆಸರು ಬಿಟ್ಟಿರುವುದು, ಮೊಹರು ಅಳಿಸಿರುವುದು. ಆಸ್ಪತ್ರೆಯಿಂದ ಹೊರಬೀಳುವ ಮುನ್ನ ಮೇಜಿನಲ್ಲಿ ಈ ಮೂರನ್ನು ನೋಡಿದರೆ ಒಂದು ದಿನ ಉಳಿಯುತ್ತದೆ. ಬ್ಯಾಂಕಿನಿಂದ ನಿವೃತ್ತರಾದವರ ಕಣ್ಣು ಇಲ್ಲಿ ಚಿನ್ನ.

ತಂಗಲು ಪರೇಲ್‌ನ ನಾನಾ ಪಾಲಕರ್ ಸ್ಮೃತಿ ಸಮಿತಿ, ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಜಾಗಗಳಿವೆ. ಆಸ್ಪತ್ರೆಯ ಕಾಗದ ಇಲ್ಲದೆ ಹೋಗಿ ಪ್ರಯೋಜನವಿಲ್ಲ, ಜಾಗ ಖಾಲಿ ಇದೆಯೇ ಎಂದು ಮೊದಲೇ ಫೋನ್ ಮಾಡಬೇಕು.

ಸ್ವಯಂಸೇವಕರ ಖರ್ಚಿಗೆ ಸಂಘವೇ ಲೋಕಲ್ ಪಾಸ್ ಕೊಡಲು ಶುರುಮಾಡಿತು. ಬೇಕೋ ಬೇಡವೋ ಎಂದು ಕೇಳದೆ ಎಲ್ಲರಿಗೂ ಕೊಡುವುದು. ಬೇಡದವರು ಸಂಘಕ್ಕೆ ವಾಪಸು ದೇಣಿಗೆ ಕೊಡಬಹುದು. ಕೇಳಿ ಪಡೆಯಬೇಕಾದರೆ ಅಗತ್ಯವಿದ್ದವರೇ ಕೇಳುವುದಿಲ್ಲ.

ಮಳೆ, ಮೈ, ಮನಸ್ಸು

ಪರೇಲ್–ದಾದರ್ ನಡುವಿನ ಹಿಂದ್‌ಮಾತಾ ಮಳೆನೀರಿಗೆ ಹೆಸರುವಾಸಿ. ಮಾಟುಂಗದ ಕಿಂಗ್ಸ್ ಸರ್ಕಲ್ ಕಡಿಮೆಯೇನಲ್ಲ. ಭಾರಿ ಮಳೆಯ ಮುನ್ನೆಚ್ಚರಿಕೆ ಇದ್ದು, ಅದೇ ಹೊತ್ತಿಗೆ ನಾಲ್ಕೂವರೆ ಮೀಟರ್ ದಾಟುವ ಸಮುದ್ರದ ಉಬ್ಬರ ಇದ್ದರೆ ಮೇಜಿಗೆ ಯಾರೂ ಬರುವುದಿಲ್ಲ. ಸಾಮಾನ್ಯ ಫೋನ್ ಒಂದೇ ತೆರೆದಿರುತ್ತದೆ. ಇದನ್ನು ಹಿಂದಿನ ರಾತ್ರಿ ಎಂಟಕ್ಕೇ ತೀರ್ಮಾನಿಸಿ ಸಮಾಜಸೇವಾ ವಿಭಾಗಕ್ಕೆ ತಿಳಿಸಬೇಕು. ಬೆಳಿಗ್ಗೆ ತೀರ್ಮಾನಿಸಿದರೆ ಡೊಂಬಿವಲಿಯವರು ಅಷ್ಟರಲ್ಲಿ ರೈಲು ಹತ್ತಿರುತ್ತಾರೆ.

ಕೆಮ್ಮು, ಜ್ವರ ಇದ್ದವರು ಬರಲೇಬಾರದು. ಕೀಮೋ ನಡೆಯುತ್ತಿರುವವರ ರೋಗನಿರೋಧಕ ಶಕ್ತಿ ಕುಸಿದಿರುತ್ತದೆ. ನಮಗೆ ನೆಗಡಿಯಾದದ್ದು ಅವರಿಗೆ ಆಸ್ಪತ್ರೆ ವಾಸ. ಪ್ರತಿ ರೋಗಿಯ ನಂತರ ಕೈಗೆ ಸ್ಯಾನಿಟೈಸರ್, 20–30 ಸೆಕೆಂಡ್ ಉಜ್ಜಬೇಕು. ಫ್ಲೂ ಲಸಿಕೆಯ ಬಗ್ಗೆ ಅವರವರ ವೈದ್ಯರನ್ನು ಕೇಳಿ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದು ಒಳ್ಳೆಯದು. ಹನ್ನೊಂದೂವರೆಗೆ ಪಾಳಿ ಬದಲಾಗುವಾಗ ತಿಂಡಿ ಕಡ್ಡಾಯ. ಸಕ್ಕರೆ ಕಾಯಿಲೆಯ ಸ್ವಯಂಸೇವಕರು ರೋಗಿಯ ಸರದಿ ಕಾಯುತ್ತ ತಾವೇ ತಲೆತಿರುಗಿ ಕೂತದ್ದಿದೆ.

ಹೆಂಡತಿಯನ್ನೋ ಗಂಡನನ್ನೋ ಕ್ಯಾನ್ಸರ್‌ನಲ್ಲಿ ಕಳೆದುಕೊಂಡವರು ಎಲ್ಲರಿಗಿಂತ ಮೊದಲು ಹೆಸರು ಕೊಡುತ್ತಾರೆ. ಅವರನ್ನು ಬೇಡವೆನ್ನುವುದು ಕ್ರೂರ, ಮೊದಲ ವಾರವೇ ವೈದ್ಯರ ಕೋಣೆಗೆ ಕಳಿಸುವುದು ಅದಕ್ಕಿಂತ ಕ್ರೂರ. ಕನಿಷ್ಠ ಒಂದು ವರ್ಷ ಕಳೆದಿರಲಿ, ಆಮೇಲೂ ಮೇಜಿನಿಂದ ಶುರುವಾಗಲಿ ಎಂದು ಗುಂಪು ನಿಯಮ ಮಾಡಿಕೊಂಡಿತು. ತಿಂಗಳಿಗೊಮ್ಮೆ ಸಂಘದ ಕೋಣೆಯಲ್ಲಿ ಒಂದು ಗಂಟೆ ಎಲ್ಲರೂ ಕೂರುತ್ತಾರೆ. ಪಟ್ಟಿ, ಲೆಕ್ಕದ ಮಾತು ಅಲ್ಲಿಲ್ಲ. ಯಾವ ರೋಗಿ ಮನಸ್ಸಿನಲ್ಲಿ ಉಳಿದರು ಎಂದು ಹೆಸರು ಹೇಳದೆ ಮಾತಾಡುತ್ತಾರೆ. ಆಸ್ಪತ್ರೆಯ ಸಮಾಜಸೇವಾ ವಿಭಾಗದವರೊಬ್ಬರು ಇರುತ್ತಾರೆ. ಅಜ್ಜನಿಗೆ ‘ಗಂಟು’ ಎಂದ ಆ ಶಿಕ್ಷಕಿ ಕೆಲಸ ಬಿಡಲು ಹೊರಟಿದ್ದವರು, ಇಂಥದೊಂದು ಬೈಠಕ್‌ನ ನಂತರ ಉಳಿದರು. ಈಗ ಮೂರನೆಯ ತರಬೇತಿಯಲ್ಲಿ ಮಗನ ಪಾತ್ರ ಮಾಡುವವರು ಅವರೇ, ಹೊಸಬರು ಎಷ್ಟು ಬೇಗ ಕರಗುತ್ತಾರೆ ಎಂದು ನೋಡಲು.

ಪಟ್ಟಿ ನೋಡಿಕೊಳ್ಳುವವರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಐದನೆಯ ತಿಂಗಳಿನಿಂದಲೇ ಮುಂದಿನವರು ಜೊತೆಗಿರುತ್ತಾರೆ. ಸಿಮ್, ಚೀಟಿಯ ಕಟ್ಟು, ದಾಖಲೆ ಪುಸ್ತಕ, ಆಸ್ಪತ್ರೆಯ ಒಪ್ಪಂದದ ಪ್ರತಿ, ಗುರುತಿನ ಚೀಟಿಗಳ ಅವಧಿ ಮುಗಿಯುವ ತಾರೀಖು ಇಷ್ಟನ್ನು ಬರೆದು ಒಪ್ಪಿಸಬೇಕು. ಒಬ್ಬರೇ ವರ್ಷಗಟ್ಟಲೆ ಹೊತ್ತರೆ ಅವರು ಊರಿಗೆ ನೆಲೆ ಬದಲಿಸಿದ ದಿನ ಮೇಜೂ ಹೋಗುತ್ತದೆ.

ರಾತ್ರಿಯ ವಾರ್ಡಿಗೂ ಜನ ಬೇಕು ಎಂದು ಆಸ್ಪತ್ರೆ ಕೇಳಿತು. ಅಗತ್ಯ ನಿಜವಾದದ್ದೇ, ಆದರೂ ಗುಂಪು ಆಗುವುದಿಲ್ಲ ಎಂದಿತು. ಬದಲಿಗೆ ನರ್ಸುಗಳ ಮೇಜಿಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಮಾಡಿಕೊಟ್ಟರು. ಮನುಷ್ಯನ ಮುಂದಿನ ಮತ್ತು ಹಿಂದಿನ ಚಿತ್ರ, 0ರಿಂದ 10ರ ನೋವಿನ ಗೆರೆ, ಸುಮಾರು ನಲವತ್ತು ಪ್ರಶ್ನೆಗಳು. ಮರಾಠಿ ಒಂದು ಕಡೆ, ಉತ್ತರ ಕರ್ನಾಟಕದ ಕನ್ನಡ ಇನ್ನೊಂದು ಕಡೆ. ಕನ್ನಡದ ಉಚ್ಚಾರ ದೇವನಾಗರಿಯಲ್ಲೂ ಇದೆ, ನರ್ಸ್ ಓದಿ ಹೇಳಲೆಂದು. ಪ್ರತಿಯೊಂದು ಪ್ರಶ್ನೆಗೂ ಹೂಂ, ಊಹೂಂ ಅಥವಾ ಬೆರಳು ತೋರಿಸಿ ಉತ್ತರ ಕೊಡಲು ಆಗುವಂತಿರಬೇಕು. ‘ಹೇಗಿದೆ?’ ಎಂದು ಕೇಳಿದರೆ ಬರುವ ಉತ್ತರ ನರ್ಸಿಗೆ ತಿಳಿಯುವುದಿಲ್ಲ. ಮೊದಲ ಕರಡಿನಲ್ಲಿ ಅಂಥ ಒಂಬತ್ತು ಪ್ರಶ್ನೆಗಳಿದ್ದವು. ವಾರ್ಡಿನಲ್ಲಿ ಮೂವರು ರೋಗಿಗಳಿಗೆ ನರ್ಸುಗಳಿಂದಲೇ ಓದಿಸಿ ನೋಡಿದ ಮೇಲೆ ಅವನ್ನು ತೆಗೆದು, ‘ಉಸಿರಾಡಾಕ ತ್ರಾಸ ಆಗತೈತೇನು?’, ‘ಉಚ್ಚಿ ಹೋಯ್ತೇನು?’ ಎಂಬಂಥವನ್ನು ಹಾಕಿದರು.